ಬಸ್ಸು ಶ್ರೀಮಂತರ ಓಣಿಗೂ ಬಂದಾಗ

1964ರಲ್ಲಿ ಭಾರತದಿಂದ ಒಂದು ಕಪ್ಪು ಕುಟುಂಬ ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ಗೆ ಮರಳಿತು. ಡೇರಿಯಸ್ ಮತ್ತು ವೀರಾ ಸ್ವಾನ್ ನಮ್ಮಲ್ಲಿ ಮಿಷನರಿಗಳಾಗಿದ್ದವರು. ಬಿಳಿಯ ಮಕ್ಕಳೂ ಕಪ್ಪು ಮಕ್ಕಳೂ ಕೂಡಿ ಕಲಿಯುವ ಹತ್ತಿರದ ಶಾಲೆಗೆ ಆರು ವರ್ಷದ ಮಗ ಜೇಮ್ಸ್‌ನನ್ನು ಸೇರಿಸಿಕೊಳ್ಳಿ ಎಂದು ಕೇಳಿದರು. ಶಾಲಾ ಮಂಡಳಿ ಒಪ್ಪಲಿಲ್ಲ. ವಕೀಲ ಜೂಲಿಯಸ್ ಚೇಂಬರ್ಸ್ 1965ರಲ್ಲಿ ದಾವೆ ಹೂಡಿದರು. ಅವರ ಮನೆಗೆ ಬಾಂಬ್ ಬಿತ್ತು, ಕಚೇರಿಗೆ ಬೆಂಕಿ ಬಿತ್ತು, ಅವರು ಹಿಂಜರಿಯಲಿಲ್ಲ. 1971ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಜನಾಂಗಭೇದದ ಶಾಲೆಗಳನ್ನು ಮುರಿಯಲು ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಗಳಿಗೆ ಕಳಿಸಬಹುದು.

ಈ ಪ್ರಯೋಗವನ್ನು ಅಳೆಯುವವರು ಸಾಮಾನ್ಯವಾಗಿ ತೀರ್ಪಿನಲ್ಲೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನ ಮೂರು ವರ್ಷ. ಮೊದಲ ಯೋಜನೆಗಳಲ್ಲಿ ಬಸ್ಸು ಹತ್ತಿದವರು ಕಪ್ಪು ಮಕ್ಕಳು ಮತ್ತು ಬಿಳಿಯ ಕೂಲಿಕಾರರ ಮಕ್ಕಳು. ಆಗ್ನೇಯ ಭಾಗದ ಸಿರಿವಂತ ಬಿಳಿಯರ ಮನೆಗಳಿಗೆ ಅದರ ಬಿಸಿ ತಟ್ಟಲಿಲ್ಲ. ಸಿಟ್ಟು ಹೊತ್ತಿಕೊಂಡದ್ದು ಈ ತಾರತಮ್ಯಕ್ಕೇ. ಈ ದಾವೆಯನ್ನು ಕೆಳ ಕೋರ್ಟಿನಲ್ಲಿ ನೋಡುತ್ತಿದ್ದ ನ್ಯಾಯಾಧೀಶ ಜೇಮ್ಸ್ ಮೆಕ್‌ಮಿಲನ್ ಅದನ್ನು ಒಪ್ಪಲಿಲ್ಲ. 1974ರಲ್ಲಿ ನಾಗರಿಕರ ಸಮಿತಿಯೊಂದು ಕೂತು ನಕ್ಷೆಯನ್ನು ತಿದ್ದಿತು. ಊರಿನ ದೊಡ್ಡವರ ಮಕ್ಕಳು ಕಪ್ಪು ಜನರ ಹೆಮ್ಮೆಯಾಗಿದ್ದ ವೆಸ್ಟ್ ಶಾರ್ಲೆಟ್ ಹೈಸ್ಕೂಲಿಗೆ ಹೊರಟರು. ಮಗಳು ಅಲ್ಲಿ ಕಲಿಯುವಾಗ ಆ ಶಾಲೆಯ ಸೋರುವ ಮಾಡು, ಹರಿದ ಪುಸ್ತಕ ಯಾವ ಅಪ್ಪನಿಗೆ ಕಾಣದಿದ್ದೀತು? ಅದೇ ವರ್ಷ, ಇದೇ ಪ್ರಯೋಗ ಶುರುವಾಗಿದ್ದ ಬಾಸ್ಟನ್ ಬೀದಿಗಳಲ್ಲಿ ಬಸ್ಸುಗಳ ಮೇಲೆ ಕಲ್ಲುಗಳು ಬೀಳುತ್ತಿದ್ದವು. ಅಲ್ಲಿನ ವಿದ್ಯಾರ್ಥಿಗಳು ಕೂಡಿ ಬಾಳುವ ಬಗೆ ನೋಡಲು ವೆಸ್ಟ್ ಶಾರ್ಲೆಟ್‌ಗೆ ಬಂದರು.

ಇನ್ನೊಂದು ಅನುಕೂಲವಿತ್ತು. ನಗರ ಮತ್ತು ಸುತ್ತಲ ಕೌಂಟಿಯ ಶಾಲೆಗಳು 1960ರಲ್ಲೇ ಒಂದೇ ಆಡಳಿತಕ್ಕೆ ಸೇರಿದ್ದವು. ಹೊರವಲಯಕ್ಕೆ ಮನೆ ಬದಲಿಸಿದ ಮಾತ್ರಕ್ಕೆ ತಪ್ಪಿಸಿಕೊಳ್ಳುವಂತಿರಲಿಲ್ಲ.

ಹಾಗೆಂದು ಇದನ್ನು ಹೊಗಳಿ ಮುಗಿಸಲಾರೆ. ಕಪ್ಪು ಸಮುದಾಯ ತಾನೇ ಬೆಳೆಸಿದ ಸೆಕೆಂಡ್ ವಾರ್ಡ್ ಹೈಸ್ಕೂಲನ್ನು 1969ರಲ್ಲಿ ಮುಚ್ಚಲಾಯಿತು. ತಮ್ಮ ಓಣಿಯ ಶಾಲೆಯೊಂದಿಗೆ ಹಳೆಯ ಗುರುಗಳನ್ನೂ ನೆನಪುಗಳನ್ನೂ ಕಳೆದುಕೊಂಡ ನೋವಿಗೆ ಯಾವ ತೀರ್ಪೂ ಲೆಕ್ಕ ಕೊಟ್ಟಿಲ್ಲ. ಸಮಾನತೆಯ ಹೆಸರಿನಲ್ಲಿ ಬಿಟ್ಟುಕೊಡಬೇಕಾದವರು ಮೊದಲೇ ಕಳೆದುಕೊಂಡವರೇ ಆದರು. ಈ ಅಧ್ಯಾಯದಲ್ಲಿ ನನ್ನನ್ನು ತುಂಬ ನೋಯಿಸುವುದು ಇದೇ.

1997ರಲ್ಲಿ ಬಿಳಿಯ ತಂದೆಯೊಬ್ಬರು ಮಗಳಿಗೆ, ವಿಶೇಷ ಪಠ್ಯದಿಂದ ಎಲ್ಲ ಬಡಾವಣೆಗಳ ಮಕ್ಕಳನ್ನು ಸೆಳೆಯುವ ಮ್ಯಾಗ್ನೆಟ್ ಶಾಲೆಯಲ್ಲಿ, ಜನಾಂಗದ ಲೆಕ್ಕದಿಂದಾಗಿ ಸೀಟು ಸಿಗಲಿಲ್ಲವೆಂದು ಕೋರ್ಟಿಗೆ ಹೋದರು. 1999ರಲ್ಲಿ ಮತ್ತೊಬ್ಬ ನ್ಯಾಯಾಧೀಶರು ಹಳೆಯ ಭೇದ ಅಳಿದಿದೆ ಎಂದರು. ಹಾಗೆ ಆ ಬಸ್ಸು ಯೋಜನೆ ನಿಂತು, 2002ರಿಂದ ಮಕ್ಕಳು ಬಹುಮಟ್ಟಿಗೆ ಮನೆ ಹತ್ತಿರದ ಶಾಲೆಗಳಿಗೇ ಹಿಂದಿರುಗಿದರು. ಮನೆಗಳು ಬೇರೆ ಬೇರೆಯಾಗಿದ್ದವು, ಶಾಲೆಗಳೂ ಹಾಗೆಯೇ ಆದವು. ಆ ಬದಲಾವಣೆಯನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞರಾದ ಬಿಲಿಂಗ್ಸ್, ಡೆಮಿಂಗ್, ರಾಕಾಫ್ 2014ರಲ್ಲಿ ಕಂಡದ್ದಿಷ್ಟು: ಬಡ ಶಾಲೆಗಳಿಗೆ ಹೆಚ್ಚು ಸಂಪನ್ಮೂಲ ಕೊಟ್ಟದ್ದರಿಂದ ಕಲಿಕೆಯ ನಷ್ಟ ತುಸು ತಗ್ಗಿತು. ಆದರೆ ಅಂಥ ಶಾಲೆಗಳಿಗೆ ಬಿದ್ದ, ಬಿಳಿಯರಲ್ಲದ ಬಡ ಹುಡುಗರು ಅಪರಾಧದ ದಾರಿಗೆ ಜಾರುವುದು ಹೆಚ್ಚಿತು. ಹಣ ತುಂಬಿಕೊಡಲಾಗದ್ದು ಯಾವುದೋ ಇತ್ತು.

ಅದೇ 2014ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಸಂಶೋಧನೆ ಬಂತು. ಬಡವರ ಮನೆಯಲ್ಲಿ ಹುಟ್ಟಿ ಮೇಲೇರುವ ಅವಕಾಶದಲ್ಲಿ ಅಮೆರಿಕದ 50 ಮಹಾನಗರಗಳ ಪೈಕಿ ಶಾರ್ಲೆಟ್ ಆಗ ಕೊನೆಯದಾಗಿತ್ತು. ಬಸ್ಸು ನಿಂತದ್ದೇ ಕಾರಣ ಎಂದು ಹಲವರು ಬೊಟ್ಟು ಮಾಡಿದರು. ನಾನು ಆ ಸಾಲಿಗೆ ಸೇರಲಾರೆ. ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಸಿಕ್ಕವರು 1980ರ ದಶಕದ ಆರಂಭದಲ್ಲಿ ಹುಟ್ಟಿದವರು, ಅಂದರೆ ಬಸ್ಸಿನ ಕಾಲದಲ್ಲೇ ಶಾಲೆ ಕಲಿತವರು. ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಕೂತ ಮಕ್ಕಳು ಸಂಜೆ ಇಳಿಯುತ್ತಿದ್ದದ್ದು ಬೇರೆ ಬೇರೆ ಓಣಿಗಳಲ್ಲಿ. ಅಪ್ಪಂದಿರ ಕೆಲಸ, ಮನೆಯ ಬೆಲೆ, ಬ್ಯಾಂಕಿನ ಸಾಲ ಯಾವುದನ್ನೂ ಶಾಲಾ ಮಂಡಳಿ ಮುಟ್ಟುವಂತಿರಲಿಲ್ಲ.

ಇಷ್ಟಾದರೂ ಬಸ್ಸು ನಿಲ್ಲಿಸಿದ್ದು ತಪ್ಪು ಎಂದೇ ನನ್ನ ಮತ. ಬಾಸ್ಟನ್‌ನವರು ಕಲಿಯಲು ಬಂದಿದ್ದ ವೆಸ್ಟ್ ಶಾರ್ಲೆಟ್‌ನ ತರಗತಿಗಳಲ್ಲಿ 2002ರ ನಂತರ ಬಿಳಿಯ ಮಕ್ಕಳು ಹುಡುಕಿದರೂ ಸಿಗದಂತಾದರು.