ಸರ್ವರ್ ಎಂಬ ಆಳು, ಸರ್ವರ್ ಎಂಬ ಒಡೆಯ

ತಂತ್ರಜ್ಞಾನದ ಸುದ್ದಿಯ ಬಗ್ಗೆ ಅಭಿಪ್ರಾಯ ಹೇಳದವರು ಈಗ ಯಾರೂ ಇಲ್ಲ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ, ಹೊಳಲ್ಕೆರೆಯ ಚಹಾದಂಗಡಿಯಲ್ಲಿ, ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ, ಮದುವೆ ಮನೆಯ ಊಟದ ಸಾಲಿನಲ್ಲಿ ಎಲ್ಲೆಲ್ಲೂ ರೋಬಾಟ್, ಡ್ರೋನ್, ಹ್ಯಾಕಿಂಗ್‌ಗಳದೇ ಮಾತು. ಇದು ಒಳ್ಳೆಯದೇ. ಆದರೆ ಈ ಮಾತುಗಳಿಗೆ ಸ್ವಲ್ಪ ಕಿವಿಗೊಟ್ಟರೆ ಅಲ್ಲಿ ಇರುವುದು ಮೂರೇ ರಾಗ. ಒಂದು ಹೆಮ್ಮೆ, ಇನ್ನೊಂದು ಭಯ, ಮತ್ತೊಂದು ತಮಾಷೆ. ಪತ್ರಿಕೆ, ಟಿ.ವಿ.ಗಳೂ ಈ ಮೂರರಲ್ಲೇ ಸುದ್ದಿಯನ್ನು ಅದ್ದಿ ಕೊಡುತ್ತವೆ. ಯಂತ್ರವನ್ನು ಯಾರು ಮಾಡಿದರು, ಯಾರ ಜಾಗದಲ್ಲಿ ಮಾಡಿದರು, ಕೆಟ್ಟರೆ ಯಾರು ಉತ್ತರ ಹೇಳುತ್ತಾರೆ ಎಂಬ ಪ್ರಶ್ನೆಗಳಿಗೆ ಈ ರಾಗಗಳಲ್ಲಿ ಸ್ಥಳವಿಲ್ಲ. ಕಥೆ ಬರೆಯುವವರಾದ ನಮಗೆ ಇದು ಪಾತ್ರಗಳೇ ಇಲ್ಲದ ಕಥೆಯಂತೆ ಕಾಣುತ್ತದೆ.

ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಇದು ದೂರದ ವಿಷಯವಲ್ಲ. ತಾನಾಗಿ ಹಾರುವ ಯಂತ್ರಗಳು ನಮ್ಮ ತಲೆಯ ಮೇಲೆಯೇ ಹಾರುತ್ತಿವೆ. ಚಳ್ಳಕೆರೆ ಬಳಿಯ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಇಲ್ಲಿ ಬಿಟ್ಟಿತು. ಅದರೊಳಗೆ ಪೈಲಟ್ ಇರಲಿಲ್ಲ. ತನ್ನ ದಾರಿಯನ್ನು ತಾನೇ ಲೆಕ್ಕ ಹಾಕಿಕೊಂಡು ಅದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22ರಂದು ಮತ್ತು ಜೂನ್ 23ರಂದು ಇನ್ನೂ ಕಠಿಣವಾದ ಪರೀಕ್ಷೆಗಳಲ್ಲಿ ಗೆದ್ದಿತು. ಇದು ನಿಜಕ್ಕೂ ದೊಡ್ಡ ಸಾಧನೆ, ಮೆಚ್ಚಲೇಬೇಕು.

ಅದೇ 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ತಪಸ್ ಎಂಬ ಮಾನವರಹಿತ ವಿಮಾನ ಪರೀಕ್ಷಾ ಹಾರಾಟದಲ್ಲಿದ್ದಾಗ ಬಿದ್ದು ಚೂರಾಯಿತು. ಇದರ ಹಿಂದಿನ ಹೆಸರು ರುಸ್ತುಂ-2. 2019ರ ಸೆಪ್ಟೆಂಬರಿನಲ್ಲಿಯೂ ಚಳ್ಳಕೆರೆ ಬಳಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತ್ತು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಇಪ್ಪತ್ತನಾಲ್ಕು ಗಂಟೆ ಹಾರಬೇಕೆಂಬ ಗುರಿ ಮುಟ್ಟದ ಕಾರಣ ಯೋಜನೆಗಿದ್ದ ವಿಶೇಷ ಸ್ಥಾನವನ್ನು ಹಿಂತೆಗೆದುಕೊಂಡರೆಂದು 2024ರ ಜನವರಿಯಲ್ಲಿ ವರದಿಯಾಯಿತು. ಇಳಿದ ಯಂತ್ರಕ್ಕೆ ಹೆಮ್ಮೆಯ ರಾಗ ಸಿಕ್ಕಿತು, ಬಿದ್ದ ಯಂತ್ರಕ್ಕೆ ತಮಾಷೆಯ ರಾಗ. ಚೂರುಗಳ ಸುತ್ತ ನೆರೆದ ಜನರ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪರೀಕ್ಷೆ ಎಂದರೆ ಬೀಳುವುದೂ ಅದರ ಒಂದು ಭಾಗವೇ. ಆದರೆ ಬೀಳುವುದು ಯಾರ ಹೊಲದಲ್ಲಿ? ಆ ಹೊಲದ ರೈತ ಸುದ್ದಿಯಲ್ಲಿ ಬಂದದ್ದು ಹಿನ್ನೆಲೆಯ ಚಿತ್ರವಾಗಿ ಮಾತ್ರ.

ಪರೀಕ್ಷಾ ವಲಯ ನಿಂತಿರುವ ನೆಲದ ಕಥೆಯೂ ಹೀಗೆಯೇ. ಅದು ಅಮೃತಮಹಲ್ ಕಾವಲು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ದನ ಕುರಿ ಮೇಯಿಸುವವರು, ಕಂಬಳಿ ನೇಯುವವರು ಈ ಹುಲ್ಲುಗಾವಲನ್ನು ನಂಬಿ ಬದುಕಿದವರು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಹೀಗೆ ಕಾವಲು ಹಂಚಿಹೋಯಿತು. ಬೇಲಿ, ಗೋಡೆ ಎದ್ದವು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಜ್ಞಾನ ಬೇಡವೆಂದು ನಾವು ಹೇಳುತ್ತಿಲ್ಲ. ಯಂತ್ರ ಇಳಿದ ನೆಲಕ್ಕೂ ಒಂದು ಹೆಸರಿದೆ, ಅಲ್ಲಿ ಮೇಯುತ್ತಿದ್ದ ಕುರಿಗೂ ಒಬ್ಬ ಒಡೆಯನಿದ್ದಾನೆ ಎಂಬುದನ್ನು ಸುದ್ದಿ ಹೇಳಬೇಕು ಎನ್ನುತ್ತಿದ್ದೇವೆ, ಅಷ್ಟೇ.

ಹೆಮ್ಮೆಯ ರಾಗದಲ್ಲಿ ಎರಡು ಮನೆಗಳಿವೆ. ಒಂದು ಮನೆಯವರು ‘ಪುರಾಣದಲ್ಲೇ ನಮ್ಮಲ್ಲಿ ವಿಮಾನವಿತ್ತು’ ಎನ್ನುತ್ತಾರೆ. ಇಸ್ರೊ ತನ್ನ ವಾಹನಕ್ಕೆ ಪುಷ್ಪಕ್ ಎಂದು ಹೆಸರಿಟ್ಟಾಗ ಅವರ ಸಂಭ್ರಮ ಇಮ್ಮಡಿಯಾಯಿತು. ಇನ್ನೊಂದು ಮನೆ ನಮ್ಮದೇ. ರೋಬಾಟ್ ಎಂದೊಡನೆ ನಮ್ಮವರಿಗೆ ಅಲ್ ಜಝರಿ ನೆನಪಾಗುತ್ತಾನೆ. ದಿಯಾರ್‌ಬಕ್ರ್‌ನ ಅರ್ತುಕಿ ದೊರೆಗಳ ಆಸ್ಥಾನದಲ್ಲಿದ್ದ ಈ ಕುಶಲಕರ್ಮಿ 1206ರಲ್ಲಿ ಯಂತ್ರಗಳ ಬಗ್ಗೆ ಗ್ರಂಥ ಮುಗಿಸಿದನು. ಆನೆಯ ಆಕಾರದ ನೀರಿನ ಗಡಿಯಾರ, ನೀರೆತ್ತುವ ಯಂತ್ರ, ಕೈತೊಳೆಯಲು ನೀರು ಹೊಯ್ಯುವ ಬೊಂಬೆ ಎಲ್ಲವೂ ಅದರಲ್ಲಿವೆ. ಆದರೆ ಅವನನ್ನು ಹೆಮ್ಮೆಗೆ ಬಳಸುವವರು ಅವನ ನಿಜವಾದ ದೊಡ್ಡತನವನ್ನೇ ಮರೆಯುತ್ತಾರೆ. ಅವನು ಪ್ರತಿಯೊಂದು ಭಾಗದ ಅಳತೆ, ಲೋಹ, ಜೋಡಣೆಯನ್ನು ಬಿಡಿಸಿ ಬರೆದ, ಚಿತ್ರ ಹಾಕಿ ತೋರಿಸಿದ. ಇನ್ನೊಬ್ಬ ಕೆಲಸಗಾರ ಓದಿ ಮಾಡಲಿ ಎಂಬುದೇ ಅವನ ಉದ್ದೇಶ. ಯಂತ್ರದ ಹೊಟ್ಟೆಯನ್ನು ತೆರೆದು ತೋರಿಸಿದವನ ವಾರಸುದಾರರು ನಾವಾದರೆ, ಇಂದಿನ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಬೇಕಾದವರೂ ನಾವೇ ಅಲ್ಲವೇ? 2017ರ ಅಕ್ಟೋಬರಿನಲ್ಲಿ ರಿಯಾದ್‌ನಲ್ಲಿ ಸೋಫಿಯಾ ಎಂಬ ರೋಬಾಟಿಗೆ ಸೌದಿ ಪೌರತ್ವ ಕೊಟ್ಟಾಗ ಕೆಲವರು ಹಿಗ್ಗಿದರು, ಕೆಲವರು ನಕ್ಕರು. ಅಲ್ಲಿ ದಶಕಗಟ್ಟಲೆ ದುಡಿದೂ ಪೌರತ್ವದ ಕನಸು ಕಾಣಲಾಗದ ನಮ್ಮದೇ ಚಾಲಕರ, ಕಾರ್ಮಿಕರ ಬಗ್ಗೆ ಆ ದಿನ ಎಷ್ಟು ಮಂದಿ ಮಾತಾಡಿದರು?

ರೋಬಾಟ್ ಎಂಬ ಪದವೇ ಕಾರ್ಮಿಕರದ್ದು. ಜೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಬಂತು. ಪದ ಸೂಚಿಸಿದವನು ಅವನ ಅಣ್ಣ ಯೋಸೆಫ್. ಜೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಜಮೀನ್ದಾರನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಉರ್ದುವಿನಲ್ಲಿ ಬೇಗಾರ್, ಕನ್ನಡದಲ್ಲಿ ಬಿಟ್ಟಿ. ಬಿಟ್ಟಿ ಬೇಗಾರಿ ಎಂದು ಎರಡನ್ನೂ ಸೇರಿಸಿ ಆಡುವ ಜನ ನಾವು. ಅಂದ ಮೇಲೆ ರೋಬಾಟ್ ನಮಗೆ ಹೊಸಬನೇನಲ್ಲ.

ಭಯದ ರಾಗದ ವಿಚಾರಕ್ಕೆ ಬರೋಣ. 2023ರ ಜುಲೈಯಲ್ಲಿ ಕನ್ನಡದ ಪವರ್ ಟಿ.ವಿ. ‘ಸೌಂದರ್ಯ’ ಎಂಬ ಕೃತಕ ನಿರೂಪಕಿಯನ್ನು ತೆರೆಗೆ ತಂದಿತು. ರೋಬಾಟ್ ಕೆಲಸ ಕಸಿಯುತ್ತದೆ ಎಂಬ ಗಾಬರಿ ಆಗ ಎಲ್ಲೆಡೆ ಕೇಳಿಬಂತು. ಆದರೆ ಭೀಮಸಮುದ್ರ, ಹೊಳಲ್ಕೆರೆಯ ಕಡೆ ಅಡಿಕೆ ಸುಲಿಯುವ ಯಂತ್ರ ಬಂದಾಗ, ರಾತ್ರಿಯೆಲ್ಲ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದ ಹೆಂಗಸರ ಕೂಲಿ ಏನಾಯಿತು ಎಂಬುದು ಮುಖಪುಟಕ್ಕೆ ಬರಲಿಲ್ಲ. ಆ ಯಂತ್ರಕ್ಕೆ ಮುಖವಿರಲಿಲ್ಲ, ಸೀರೆ ಉಡಿಸಿರಲಿಲ್ಲ, ಅದಕ್ಕೇ ಅದನ್ನು ಯಾರೂ ರೋಬಾಟ್ ಎನ್ನಲಿಲ್ಲ. ಮನುಷ್ಯನಂತೆ ಕಾಣುವ ಯಂತ್ರಕ್ಕೆ ಹೆದರುವ ನಾವು, ಮನುಷ್ಯನ ಕೆಲಸ ಮಾಡುವ ಯಂತ್ರವನ್ನು ಗಮನಿಸುವುದೇ ಇಲ್ಲ. ಯಂತ್ರ ಬಂದದ್ದು ತಪ್ಪಲ್ಲ, ಆ ಕೈಗಳಿಗೆ ಬೇರೆ ಕೆಲಸ ಯಾವುದೆಂದು ಕೇಳದೆ ಹೋದದ್ದು ತಪ್ಪು.

ಕೈಕಾಲೇ ಇಲ್ಲದ ರೋಬಾಟ್ ಇನ್ನೂ ಹತ್ತಿರದಲ್ಲಿದೆ. ಅದರ ಹೆಸರು ಬಾಟ್, ರೋಬಾಟ್ ಪದದ ಬಾಲ. ಮನುಷ್ಯನ ಸೋಗು ಹಾಕಿ ಕಂಪ್ಯೂಟರಿಗೆ ಮೇಲಿಂದ ಮೇಲೆ ಬೇಡಿಕೆ ಸಲ್ಲಿಸುವ ತಂತ್ರಾಂಶ ಅದು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಇಂಥ ದಾಳಿ ನಡೆಯಿತು. ಆಗ ಹೊರಬಂದ ಅಧಿಕೃತ ವಿವರದಂತೆ 62 ಇಮೇಲ್ ಖಾತೆಗಳಿಂದ, ಎರಡು ಗಂಟೆಯಲ್ಲಿ ಸುಮಾರು 6.2 ಲಕ್ಷ ಹುಸಿ ಬೇಡಿಕೆಗಳು ಬಂದವು. ಬಾಟ್‌ಗಳು ಹುಡುಕಿದ್ದು ಋಣಭಾರ ಪತ್ರ, ಅಂದರೆ ನಾವು ಇ.ಸಿ. ಎನ್ನುವ ಕಾಗದ. ಒಂದೇ ಕಿಟಕಿಯ ಮುಂದೆ ಲಕ್ಷ ಜನ ಏಕಕಾಲಕ್ಕೆ ಕೈಚಾಚಿದರೆ ನಿಜವಾದ ಅರ್ಜಿದಾರ ಒಳಗೆ ಹೇಗೆ ಹೋದಾನು? ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಕುಂಟಿತು. ಮುದ್ದೆ ಬುತ್ತಿ ಕಟ್ಟಿಕೊಂಡು, ಸಾಕ್ಷಿಗಳನ್ನು ಕರೆದುಕೊಂಡು ಹಳ್ಳಿಯಿಂದ ಹೊಸದುರ್ಗಕ್ಕೋ ಹಿರಿಯೂರಿಗೋ ಬಂದ ರೈತನಿಗೆ ಇಂಥ ದಿನಗಳಲ್ಲಿ ಸಿಗುವ ಉತ್ತರ ಎರಡೇ ಪದ: ‘ಸರ್ವರ್ ಇಲ್ಲ.’

ಈ ಪದವನ್ನು ಉರ್ದು ಬಲ್ಲವರು ಒಮ್ಮೆ ಕೇಳಬೇಕು. ಇಂಗ್ಲಿಷಿನಲ್ಲಿ ಸರ್ವರ್ ಎಂದರೆ ಸೇವೆ ಮಾಡುವವನು, ಆಳು. ಫಾರಸಿಯಿಂದ ಉರ್ದುವಿಗೆ ಬಂದ ಸರ್ವರ್ ಎಂದರೆ ತಲೆಯಾಳು, ಒಡೆಯ. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಈ ಹೆಸರಿಡುತ್ತೇವೆ. ಕಚೇರಿಯ ಜಗುಲಿಯಲ್ಲಿ ಕೂತವರು ಕಾಯುವ ಸರ್ವರ್ ಯಾರು? ಆಳಾಗಿದ್ದರೆ ‘ಯಾಕೆ ಬರಲಿಲ್ಲ’ ಎಂದು ಗದರಬಹುದಿತ್ತು. ಒಡೆಯನಾದ್ದರಿಂದ ಸುಮ್ಮನೆ ನಾಳೆ ಬರುತ್ತಾರೆ. ಮಳೆ ಇಲ್ಲ ಎನ್ನುವ ಹಾಗೆ ಸರ್ವರ್ ಇಲ್ಲ ಎನ್ನುವುದು ನಮ್ಮ ಭಾಷೆಯಲ್ಲಿ ಕೂತುಬಿಟ್ಟಿದೆ. ಮಳೆಗೆ ಯಾವ ಅಧಿಕಾರಿಯೂ ಹೊಣೆಯಲ್ಲ. ಸರ್ವರ್‌ಗೆ ಹೊಣೆಗಾರರಿದ್ದಾರೆ. ಸಂಬಳ ಪಡೆಯುವವರಿದ್ದಾರೆ, ಗುತ್ತಿಗೆ ಪಡೆದವರಿದ್ದಾರೆ. ಈ ವ್ಯತ್ಯಾಸವನ್ನು ಅಳಿಸುವ ಭಾಷೆಯನ್ನು ಪತ್ರಿಕೆಗಳೂ ಬಳಸಿದರೆ ಓದುಗ ಯಾರನ್ನು ಕೇಳಬೇಕು?

ಇನ್ನು ಹೆಬ್ಬೆಟ್ಟಿನ ವಿಷಯ. ಒಂದು ಕಾಲಕ್ಕೆ ಹೆಬ್ಬೆಟ್ಟು ಎಂದರೆ ಓದು ಬಾರದವನನ್ನು ಹಂಗಿಸುವ ಮಾತು. ಇಂದು ಪ್ರೊಫೆಸರರೂ ಹೆಬ್ಬೆಟ್ಟೇ. ಪಡಿತರಕ್ಕೆ, ಸಿಮ್ಮಿಗೆ, ಬ್ಯಾಂಕಿಗೆ ಎಲ್ಲಕ್ಕೂ ಬೆರಳು. 2018ರಲ್ಲಿ ತೆಲಂಗಾಣದಲ್ಲಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳಿಂದ ರಬ್ಬರ್ ಮುದ್ರೆಯ ವಿಧಾನದಲ್ಲಿ ನಕಲಿ ಬೆರಳು ತಯಾರಿಸಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ ಪ್ರಕರಣ ಬಯಲಾಯಿತು. ನಾವು ಅದನ್ನು ಪಕ್ಕದ ರಾಜ್ಯದ ವಿಚಿತ್ರ ಸುದ್ದಿಯಾಗಿ ಓದಿ ಮಡಚಿಟ್ಟೆವು. 2023ರಲ್ಲಿ ಅದೇ ಬಗೆಯ ಮೋಸ ಕರ್ನಾಟಕದಲ್ಲಿ ನಡೆಯಿತು. ಕ್ರಯಪತ್ರದ ಪ್ರತಿಗಳಿಂದ ಆಧಾರ್ ಸಂಖ್ಯೆ, ಬೆರಳಚ್ಚು ತೆಗೆದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ಹಣ ಎತ್ತಲಾಯಿತು. ಅಲ್ಲಿ ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಆ ಬಳಿಕವೇ ಪತ್ರಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಮಾತು ಬಂದದ್ದು. ನಡುವೆ ಕಳೆದದ್ದು ಐದು ವರ್ಷ. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆಟ್ಟು ಕಳುವಾದರೆ ಬೇರೆ ಹೆಬ್ಬೆಟ್ಟನ್ನು ಎಲ್ಲಿಂದ ತರುವುದು?

ಈ ಸುದ್ದಿಯ ಜೊತೆಗೆ ಮೂರು ಸಾಲು ಮಾಹಿತಿ ಅಚ್ಚಾಗಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು. ಆಧಾರ್ ಬೆರಳಚ್ಚನ್ನು ಬೀಗ ಹಾಕಿ, ಬೇಕಾದಾಗ ತೆಗೆಯುವ ಅವಕಾಶವಿದೆ. ಬೇರೆ ಯಾರೋ ಮಾಡಿದ ಮೋಸದಿಂದ ಹಣ ಹೋದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲೇ ಹೊರಡಿಸಿತು. ದೂರು ಕೊಡಲು 1930 ಎಂಬ ಸಹಾಯವಾಣಿ ಇದೆ. ಆದರೆ ಟಿ.ವಿ.ಯಲ್ಲಿ ನಾವು ಕಂಡದ್ದು ಮುಸುಕು ಹಾಕಿದ ಹ್ಯಾಕರ್‌ನ ಚಿತ್ರ, ಹಿಂದೆ ಗಡಗಡ ಸಂಗೀತ.

ಎಲ್ಲ ಅನಾಹುತಕ್ಕೂ ಮುಸುಕುಧಾರಿಯೇ ಕಾರಣನಲ್ಲ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಸೈಬರ್ ದಾಳಿ ಎಂದು ಅಂದು ಮಾತು ಹಬ್ಬಿತು. ಕಾರಣ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯೇ ಕಳಿಸಿದ ಒಂದು ದೋಷಪೂರಿತ ಕಡತ. ಕಳ್ಳ ಬರಲಿಲ್ಲ, ಕಾವಲುಗಾರನೇ ಬಾಗಿಲಿಗೆ ಅಡ್ಡ ಬಿದ್ದಿದ್ದ.

ಹೊಣೆಯ ವಿಷಯದಲ್ಲಿ ಕಾನೂನೂ ನಮ್ಮ ಗಮನಕ್ಕೆ ಬರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವನಿಗೆ ಪರಿಹಾರ ಕೊಡಿಸಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನು ಇದೇ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಬೆರಳು ಒಬ್ಬನದು, ದಂಡದ ಹಣ ಇನ್ನೊಬ್ಬರದು. ಈ ಅನ್ಯಾಯದ ಬಗ್ಗೆ ಚಹಾದಂಗಡಿಯಲ್ಲಿ ಒಂದು ಮಾತೂ ಕೇಳಿಬರುವುದಿಲ್ಲ. ಕೇಳಿಬರಬೇಕಾದರೆ ಮೊದಲು ಯಾರಾದರೂ ಕನ್ನಡದಲ್ಲಿ ಅದನ್ನು ಬಿಡಿಸಿ ಬರೆಯಬೇಕು.

ಜನರ ಹರಟೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹರಟೆಗೆ ಸಾಮಗ್ರಿ ಒದಗಿಸುವವರು ಬರೆಯುವ ನಾವು. ಕಥೆಗಾರ, ಪತ್ರಕರ್ತ, ಮೇಷ್ಟ್ರು ಯಾರೇ ಆಗಲಿ, ಒಂದು ಯಂತ್ರದ ಸುದ್ದಿ ಬರೆಯುವಾಗ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಹೇಗೆ ಕೆಲಸ ಮಾಡುತ್ತದೆ? ಯಾರ ನೆಲ, ಯಾರ ಬೆರಳು, ಯಾರ ಕೂಲಿ ಇದರಲ್ಲಿ ಸೇರಿದೆ? ಕೆಟ್ಟರೆ ಹೊಣೆ ಯಾರು? ಓದಿದವನು ನಾಳೆ ಬೆಳಗ್ಗೆ ಏನು ಮಾಡಬಹುದು? ಇವಕ್ಕೆ ಉತ್ತರ ಬರೆದರೆ ಹೆಮ್ಮೆಗೂ ಅರ್ಥ ಬರುತ್ತದೆ, ಭಯಕ್ಕೂ ದಿಕ್ಕು ಸಿಗುತ್ತದೆ. ಸರ್ವರ್ ಆಳಾಗಿರಬೇಕೋ ಒಡೆಯನಾಗಿರಬೇಕೋ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದಿಲ್ಲ. ‘ಸರ್ವರ್ ಇಲ್ಲ’ ಎಂದಾಗ ‘ಯಾಕೆ ಇಲ್ಲ, ಯಾವಾಗ ಬರುತ್ತದೆ, ಬರೆದು ಕೊಡಿ’ ಎಂದು ಕೇಳುವ ಧೈರ್ಯ ಕಿಟಕಿಯ ಈಚೆ ಇರುವವರಿಗೆ ಬಂದಾಗ ಅದು ತೀರ್ಮಾನವಾಗುತ್ತದೆ.