ಮಿದುಳಿನ ‘ಚಿತ್ರ’ವೂ ಹೇತುವಿಚಾರವೂ

ಆಲ್‌ಜೈಮರ್ ಮೊದಲಾದ ಮರೆವಿನ ವ್ಯಾಧಿಗಳನ್ನು ಕುರಿತು ಈಚೆಗೆ ಕನ್ನಡದಲ್ಲಿ ಬರುತ್ತಿರುವ ಲೇಖನಗಳಲ್ಲಿ, ಮಿದುಳಿನ ವ್ಯಾಪಾರವನ್ನು ಯಂತ್ರವು ಕಣ್ಣಾರೆ ತೋರಿಸುವುದೆಂಬ ಮಾತು ಪದೇ ಪದೇ ಕಾಣುವುದು. ಇದು ಅನುಮಾನವನ್ನು ಪ್ರತ್ಯಕ್ಷವೆಂದೆಣಿಸಿದ ಪ್ರಮಾದ. ಚಿತ್ರದ ಬಣ್ಣಗಳೂ ಗಣಿತದ ಫಲಕ್ಕೆ ಆಮೇಲೆ ಬಳಿದವೇ ಹೊರತು ಮಿದುಳಿನವಲ್ಲ.

1990ರಲ್ಲಿ ಸೈಜಿ ಒಗಾವ ಮೊದಲಾದವರು ತೋರಿಸಿಕೊಟ್ಟುದಿಷ್ಟೆ: ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಬದಲಾದರೆ ಕಾಂತಕ್ಷೇತ್ರದಲ್ಲಿ ದೊರೆಯುವ ಸಂಕೇತವೂ ಬದಲಾಗುವುದು. ಎಫ್.ಎಂ.ಆರ್.ಐ. ಪರೀಕ್ಷೆಗೆ ಇದೇ ಮೂಲ. ನರಕೋಶಗಳು ದುಡಿದೆಡೆಗೆ ರಕ್ತವು ಹೆಚ್ಚಾಗಿ ಹರಿಯುವುದರಿಂದ, ಆ ಸಂಕೇತವನ್ನು ಕಂಡು ದುಡಿಮೆಯನ್ನು ಊಹಿಸುತ್ತಾರೆ. ಸಂಕೇತವು ಧೂಮ, ದುಡಿಮೆಯು ಅಗ್ನಿ.

ಧೂಮವಿಲ್ಲವೆಂದು ಅಗ್ನಿಯಿಲ್ಲವೆನ್ನಬಹುದೆ? ನೈಯಾಯಿಕರು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಮುಂದಿಟ್ಟುದು ಇದಕ್ಕಾಗಿಯೇ. ಅಲ್ಲಿ ಅಗ್ನಿಯುಂಟು, ಧೂಮವಿಲ್ಲ. ಹಸಿಯ ಸೌದೆಯೆಂಬ ಉಪಾಧಿಯಿದ್ದರೆ ಮಾತ್ರ ಅಗ್ನಿಯಿಂದ ಧೂಮವೇಳುವುದು. ಪ್ರಕೃತದಲ್ಲಿ ರಕ್ತನಾಳಗಳ ಸ್ವಾಸ್ಥ್ಯವೇ ಆ ಉಪಾಧಿ. ಮುಪ್ಪಿನಲ್ಲಿಯೂ ವ್ಯಾಧಿಯಲ್ಲಿಯೂ ನಾಳಗಳು ಬಿರುಸಾಗಿ ಕೋಶಗಳ ಕರೆಗೆ ಓಗೊಡದಿದ್ದರೆ, ಸಂಕೇತ ಕುಂದಿದ ಮಾತ್ರಕ್ಕೆ ಕೋಶಗಳೂ ಸುಮ್ಮನಾದುವೆಂದು ಹೇಳಲಾಗದು.

ಇದಕ್ಕಿಂತ ಸ್ವಾರಸ್ಯವಾದ ಪ್ರಸಂಗವೊಂದುಂಟು. ಮರೆವು ತಲೆದೋರಿದರೂ ನಿತ್ಯವ್ಯವಹಾರ ಕೆಡದಿರುವ ಅವಸ್ಥೆಯಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ಸಿನ ಸಂಕೇತವು ಕೆಲವರಲ್ಲಿ ಕುಂದುವ ಬದಲು ಏರುವುದು. ಸೋಲುತ್ತಿರುವ ಮಿದುಳು ಹೆಚ್ಚಾಗಿ ಹೆಣಗಿ ನಷ್ಟವನ್ನು ತುಂಬಿಕೊಳ್ಳುತ್ತಿದೆಯೆಂದು ಇದನ್ನು ವ್ಯಾಖ್ಯಾನಿಸಿದವರು ಹಲವರು. ನನಗೂ ಮೊದಲು ಆ ವ್ಯಾಖ್ಯಾನ ರುಚಿಸಿತ್ತು. ಆದರೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಅಂತಹವರಿಗೆ ಲೆವೆಟಿರಾಸಿಟಮ್ ಎಂಬ ಅಪಸ್ಮಾರದ ಔಷಧವನ್ನು ಅಲ್ಪಪ್ರಮಾಣದಲ್ಲಿ ಕೊಟ್ಟು ನೋಡಲಾಗಿ, ಏರಿದ ಸಂಕೇತ ಇಳಿಯಿತು. ಜ್ಞಾಪಕಪರೀಕ್ಷೆಯಲ್ಲಿ ಅವರು ಮೇಲಾದರು. ಈ ಫಲ ಪ್ರಕಟವಾದುದು 2012ರಲ್ಲಿ. ಏರಿಕೆಯು ನೆನಪನ್ನು ಕಾಯುತ್ತಿದ್ದುದಾದರೆ, ಅದನ್ನು ಅಡಗಿಸಿದಾಗ ನೆನಪು ಇನ್ನಷ್ಟು ಕೆಡಬೇಕಾಗಿತ್ತಲ್ಲವೆ? ಪ್ರಯೋಗವು ಚಿಕ್ಕದು, ಔಷಧ ಕೊಟ್ಟ ಅವಧಿ ಎರಡೇ ವಾರ. ಅದರಿಂದ ಚಿಕಿತ್ಸೆ ಸಿದ್ಧಿಸಿತೆನ್ನಲಾಗದು. ಆದರೆ ಸಂಕೇತದ ಏರಿಕೆಯು ಆರೋಗ್ಯದಲ್ಲಿಯೂ ರೋಗದಲ್ಲಿಯೂ ಇರತಕ್ಕ ಸವ್ಯಭಿಚಾರಹೇತುವೆಂಬುದಕ್ಕೆ ಅಷ್ಟು ಸಾಕು.

ಆದುದರಿಂದ ನಮ್ಮ ಲೇಖಕರು ‘ಮಿದುಳು ಬೆಳಗಿತು’, ‘ಮಿದುಳು ಆರಿತು’ ಎಂಬ ಮಾತುಗಳನ್ನು ಬಿಟ್ಟು, ‘ರಕ್ತಸಂಕೇತ ಏರಿತು’, ‘ಇಳಿಯಿತು’ ಎಂದೇ ಬರೆಯಲಿ. ಕಿವಿಗೆ ಒರಟಾದೀತು, ಒಪ್ಪುತ್ತೇನೆ. ಆದರೆ ಮನೆಯ ಹಿರಿಯರಿಗೆ ಮರೆವು ಹತ್ತಿದೆಯೆಂದು ಲೇಖನವನ್ನು ಹುಡುಕಿ ಓದುವ ಮಗನೋ ಮಗಳೋ ‘ಆರಿತು’ ಎಂಬಲ್ಲಿ ಲಕ್ಷಣೆಯನ್ನು ಹುಡುಕಲು ಹೋಗುವುದಿಲ್ಲ, ವಾಚ್ಯಾರ್ಥವನ್ನೇ ಗ್ರಹಿಸುವರು.