ತ್ರಿಕೋನದ ಮೂರನೆಯ ಭುಜ

ಕೊರಿಯಾದ ಪ್ರೇಮ ಧಾರಾವಾಹಿಗಳು ಈಗ ಐರೋಲಿಯ ಕನ್ನಡ ಮನೆಗಳಿಗೂ ಬಂದಿವೆ. ಠಾಣೆ–ವಾಶಿ ಲೋಕಲ್‌ನಲ್ಲಿ ಮೊಬೈಲ್ ಹಿಡಿದು ಕುಳಿತ ನಮ್ಮ ಹೆಣ್ಣುಮಕ್ಕಳು ಹಲವರು ನೋಡುವುದು ಇವನ್ನೇ. “ಎಲ್ಲವೂ ಒಂದೇ ಕಥೆ, ಒಬ್ಬಳು ಹುಡುಗಿ, ಇಬ್ಬರು ಹುಡುಗರು” ಎಂದು ಹಿರಿಯರು ಮೂಗು ಮುರಿಯುತ್ತಾರೆ. ಒಂದೇ ಕಥೆ ಎಂಬುದೇನೋ ನಿಜ. ಆದರೆ ಅದೇ ಕಥೆಗೆ ನಾವೂ ಕನ್ನಡ ಚಿತ್ರಗಳಲ್ಲಿ ಕಣ್ಣೊರೆಸಿಕೊಂಡವರೇ. ಆದಕಾರಣ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯ.

ಈ ಧಾರಾವಾಹಿಗಳ ಕಟ್ಟಳೆ ಸರಳ. ಸಾಮಾನ್ಯವಾಗಿ ನಾಯಕ ಸಿಡುಕ; ಎರಡನೆಯವನು ಸಜ್ಜನ. ಅಳುವವಳಿಗೆ ಕರವಸ್ತ್ರ ನೀಡುವವನು, ಮಳೆಯಲ್ಲಿ ಕೊಡೆ ಹಿಡಿಯುವವನು ಆತ. ಸೋಲುವವನೂ ಆತನೇ. 2009ರ ‘ಬಾಯ್ಸ್ ಓವರ್ ಫ್ಲವರ್ಸ್’ ಈ ಅಚ್ಚಿನ ಒಳ್ಳೆಯ ಮಾದರಿ. ಅದರ ಮೂಲ ಜಪಾನಿನ ಒಂದು ಚಿತ್ರಕಥೆ. 2020ರ ‘ಸ್ಟಾರ್ಟ್-ಅಪ್’ನಲ್ಲಿ ಎಳೆಯ ದಾಲ್-ಮಿಗೆ ಬೇರೊಬ್ಬನ ಹೆಸರಿನಲ್ಲಿ ಪತ್ರ ಬರೆದು ಸಮಾಧಾನ ಹೇಳಿದವನು ಜಿ-ಪ್ಯೊಂಗ್. ಕೊನೆಗೆ ಅವಳು ಆರಿಸಿಕೊಳ್ಳುವುದು ಆ ಹೆಸರಿನ ನಿಜವಾದ ಒಡೆಯ ದೊ-ಸಾನ್‌ನನ್ನು. ಪತ್ರ ಬರೆದವನಿಗೆ ಕೃತಜ್ಞತೆ ಸಿಕ್ಕಿತು, ಪ್ರೀತಿ ಸಿಗಲಿಲ್ಲ.

ರೇಖಾಗಣಿತದಲ್ಲಿ ತ್ರಿಕೋನಕ್ಕೆ ಮೂರು ಭುಜಗಳು ಬೇಕು. ಪ್ರೇಮತ್ರಿಕೋನವೆಂಬಲ್ಲಿ ಹೆಚ್ಚಿನ ಕಥೆಗಾರರು ಎಳೆಯುವುದು ಎರಡೇ. ಇಬ್ಬರು ಗಂಡಸರ ನಡುವಿನ ಮೂರನೆಯ ಭುಜವನ್ನೂ ಎಳೆದ ಶ್ರೇಯಸ್ಸು ‘ರಿಪ್ಲೈ 1988’ಕ್ಕೆ (2015–16) ಸಲ್ಲಬೇಕು. ಅಲ್ಲಿ ಜಂಗ್-ಹ್ವಾನ್ ಮತ್ತು ತೇಕ್ ಒಂದೇ ಓಣಿಯ ಗೆಳೆಯರು. ಒಬ್ಬನ ಮನಸ್ಸು ತಿಳಿದು ಇನ್ನೊಬ್ಬ ಹಿಂದೆ ಸರಿಯುತ್ತಾನೆ. ಅತಿಯಾಗಿ ತಡೆದು ನಿಂತ ಜಂಗ್-ಹ್ವಾನ್ ಹುಡುಗಿಯನ್ನು ಕಳೆದುಕೊಳ್ಳುತ್ತಾನೆ, ಗೆಳೆತನವನ್ನಲ್ಲ.

ಇನ್ನು ನಮ್ಮ ಚಿತ್ರಗಳು. ಉಷಾ ನವರತ್ನರಾಂ ಅವರ ಕಾದಂಬರಿಯನ್ನಾಧರಿಸಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ‘ಬಂಧನ’ದಲ್ಲಿ (1984) ಸೋತವನೇ ನಾಯಕ. ನಂದಿನಿಯ ಸ್ನೇಹವನ್ನು ಪ್ರೇಮವೆಂದು ಬಗೆದ ಡಾಕ್ಟರ್ ಹರೀಶ್, ಅವಳ ಮನಸ್ಸು ಬೇರೆಡೆ ಇದೆಯೆಂದು ತಿಳಿದಾಗ ತನ್ನ ನೋವನ್ನು ತಾನೇ ಹೊರುತ್ತಾನೆ. ಕೊರಿಯಾದವರು ಬದಿಗೆ ನಿಲ್ಲಿಸುವವನನ್ನು ನಾವು ನಡುಮನೆಗೆ ಕರೆತಂದೆವು. ವಿಷ್ಣುವರ್ಧನ್ ಅವರ ಆ ಅಭಿನಯ ಜನಮನದಲ್ಲಿ ಉಳಿದಿರುವುದು ಇದರಿಂದಲೇ.

ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯಲ್ಲೂ (2006) ಸೋತವನೇ ನಾಯಕ. ಆದರೆ ಇಲ್ಲಿಯ ನಂದಿನಿ ಪ್ರೀತಮ್‌ನನ್ನು ಪ್ರೀತಿಸಿದ್ದಳು. ಅವಳ ತಂದೆಯನ್ನೂ ನಿಶ್ಚಯವಾದ ವರನನ್ನೂ ನೆನೆದು ಪ್ರೀತಮ್ ಅವಳನ್ನು ಬಿಟ್ಟುಕೊಡುತ್ತಾನೆ. ತ್ಯಾಗ ದೊಡ್ಡದು, ಸಂದೇಹವಿಲ್ಲ. ಆದರೆ ಬಿಟ್ಟುಕೊಡಲು ಅವಳೇನು ಅವನ ಸೊತ್ತೇ? ಈ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ. ಗಣೇಶ್ ಅವರ ಕಣ್ಣೀರಿನಲ್ಲಿ ನಾವೂ ಕೇಳಲಿಲ್ಲ.

ಕೊರಿಯಾದ ಕಟ್ಟಳೆಯಲ್ಲಿ ದೋಷವಿಲ್ಲವೆಂದಲ್ಲ. ಆರಂಭದಲ್ಲೇ ಗೆಲ್ಲುವವನಾರೆಂದು ಗೊತ್ತಿರುವಾಗ ನಾಯಕಿಯ ಆಯ್ಕೆ ಅರ್ಧ ನಾಟಕವೇ. ಒರಟುತನವೇ ಒಲವಿನ ಗುರುತೆಂಬ ಭ್ರಮೆಯನ್ನೂ ಅದು ಬಿತ್ತುತ್ತದೆ, ಇದು ಅಪಾಯ. ಸೋತವನ ನೋವಿನ ಆಳಕ್ಕೆ ಇಳಿಯುವಲ್ಲಿ ನಮ್ಮ ‘ಬಂಧನ’ವೇ ಮೇಲು.

ಆದರೂ ಒಂದು ಮಾತನ್ನು ಈ ಧಾರಾವಾಹಿಗಳು ಮತ್ತೆ ಮತ್ತೆ ಹೇಳುತ್ತವೆ: ಉಪಕಾರ ಮಾಡಿದವನಿಗೆ ಹೆಣ್ಣಿನ ಮನಸ್ಸು ಸಾಲದ ಬಡ್ಡಿಯಲ್ಲ. ನಮ್ಮ ಮನೆಗಳಲ್ಲಿ ಸಂಬಂಧ ಬಂದಾಗ ಹುಡುಗಿ ಬೇಡವೆಂದರೆ ಮೊದಲು ಏಳುವ ಪ್ರಶ್ನೆ “ಅವನಲ್ಲಿ ಏನು ಕೊರತೆ?” ಎಂಬುದು. ಕೊರತೆ ಏನೂ ಇಲ್ಲದಿರಬಹುದು; ಕೊಡೆ ಹಿಡಿದವನಲ್ಲೂ ಇರಲಿಲ್ಲ. ಬೇಡ ಎನ್ನಲು ಅವನಲ್ಲಿ ಕೊರತೆ ಇರಲೇಬೇಕೆಂದೇನಿಲ್ಲ. ಹದಿನಾರು ಕಂತು ನೋಡಿ ನಮ್ಮ ಮಕ್ಕಳು ಇಷ್ಟನ್ನು ಕಲಿತರೆ, ಕಾಲ ವ್ಯರ್ಥವಾಯಿತೆಂದು ನಾವು ಹೇಳಲಾರೆವು.